ಶೇಕಡ ನಲವತ್ತರ ಅಪ್ಪ

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಕಾಲೇಜಿನ ಮೂರನೇ ಕಿಟಕಿಯ ಹಿಂದೆ ಕೂತಿದ್ದ ಪ್ರವೇಶ ಗುಮಾಸ್ತ ರಬ್ಬರ್ ಮುದ್ರೆಯನ್ನು ಎತ್ತಿ ಹಿಡಿದು ಕಾಯುತ್ತಿದ್ದ. ಮುದ್ರೆ ಒತ್ತಬೇಕಾದ ಅರ್ಜಿ ಅರ್ಧ ಕಿಟಕಿಯ ಒಳಗಿತ್ತು, ಅರ್ಧ ಹೊರಗಿತ್ತು. ಹೊರಗಿನ ಅರ್ಧವನ್ನು ಒಬ್ಬ ಹೆಂಗಸು ಬಿಗಿಯಾಗಿ ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ಅವಳ ಮಗ, ಅರ್ಜಿಯಲ್ಲಿ ಇರುವುದು ತನ್ನ ಹೆಸರೇ ಆದರೂ ಇದಕ್ಕೂ ತನಗೂ ಸಂಬಂಧವಿಲ್ಲ ಎನ್ನುವ ಹಾಗೆ, ತಿರುಗುವ ಫ್ಯಾನ್ ನೋಡುತ್ತಿದ್ದ.

"ಒಂದೇ ನಿಮಿಷ ಸಾರ್. ಇತಿಹಾಸಕ್ಕೆ ಸ್ಕೋಪ್ ಇದೆಯಾ?"

"ಇದೆಯಮ್ಮ."

"ರಸಾಯನಶಾಸ್ತ್ರಕ್ಕೆ?"

"ಅದಕ್ಕೂ ಇದೆ."

"ಜಾಸ್ತಿ ಯಾವುದಕ್ಕೆ?"

"ಪುಸ್ತಿಕೆಯಲ್ಲಿ ಪ್ರತಿ ಪುಟದ ಕೆಳಗೆ ಒಂದು ಚೌಕ ಇದೆ. ಅದರಲ್ಲಿ ಬರೆದಿದೆ, ನೋಡಿ."

"ನೋಡಿದೆ. ಎಲ್ಲದರಲ್ಲೂ ಉಜ್ವಲ ಭವಿಷ್ಯ ಅಂತಿದೆ."

"ಹಾಗಾದರೆ ಎಲ್ಲದಕ್ಕೂ ಇದೆ ಅಂತಲೇ ಆಯ್ತಲ್ಲ."

ಹೆಂಗಸು ಅರ್ಜಿಯನ್ನು ಸರ್ರನೆ ಹೊರಗೆಳೆದುಕೊಂಡಳು. "ಯೋಚನೆ ಮಾಡಿ ಶುಕ್ರವಾರ ಬರ್ತೀವಿ," ಎಂದಳು. ಯೋಚನೆ ಮಾಡಬೇಕಾದವನು ಫ್ಯಾನ್‌ನಿಂದ ಕಣ್ಣು ಕೀಳದೆ ಅವಳ ಹಿಂದೆಯೇ ನಡೆದ.

ಗುಮಾಸ್ತ ಮುದ್ರೆಯನ್ನು ಕೆಳಗಿಟ್ಟ. ಆ ಚೌಕದಲ್ಲಿ ಏನು ಬರೆದಿದೆ ಎಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಹತ್ತೊಂಬತ್ತು ಪುಟಗಳ ಹತ್ತೊಂಬತ್ತು ಚೌಕಗಳನ್ನೂ ಬರೆದವನು ಅವನೇ.

ಕಾಲೇಜಿನಲ್ಲಿ ಅವನನ್ನು ಎಲ್ಲರೂ ಕರೆಯುವುದು 'ಆರು ಸಾಲು' ಎಂದು. ಅದಕ್ಕೊಂದು ಕಾರಣವಿದೆ. ಹಿಂದೊಮ್ಮೆ ಪ್ರವೇಶ ಪುಸ್ತಿಕೆಯಲ್ಲಿ ವಾಣಿಜ್ಯ ವಿಭಾಗದ ಚೌಕ ಹನ್ನೊಂದು ಸಾಲು, ತತ್ವಶಾಸ್ತ್ರದ್ದು ಒಂದೂವರೆ ಸಾಲು ಅಚ್ಚಾಗಿತ್ತು. ತತ್ವಶಾಸ್ತ್ರದ ಮೇಷ್ಟ್ರು ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ನಾಲ್ಕನೇ ದಿನ ಉಪಪ್ರಾಂಶುಪಾಲರು ಸಭೆ ಕರೆದು, ಇನ್ನು ಮುಂದೆ 'ಓದಿದ ಮೇಲೆ ಏನಾಗಬಹುದು' ಎಂಬ ಚೌಕ ಎಲ್ಲ ವಿಭಾಗಗಳಿಗೂ ಸರಿಯಾಗಿ ಆರು ಸಾಲು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದು ತೀರ್ಪು ಕೊಟ್ಟರು. ವಿದ್ಯಾರ್ಥಿಗಳ ಭವಿಷ್ಯದಲ್ಲಿ ಸಮಾನತೆ ತರುವುದು ಅಷ್ಟು ಸುಲಭ ಎಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.

ತೀರ್ಪು ಕೊಟ್ಟವರು ಮೇಲಿನವರು, ಪಾಲಿಸಬೇಕಾದವನು ಗುಮಾಸ್ತ. ಹನ್ನೊಂದು ಸಾಲು ಬರೆದು ಕಳಿಸಿದವರದ್ದನ್ನು ಕತ್ತರಿಸಿದರೆ ಮುಗಿಯಿತು. ಕಷ್ಟ ಇದ್ದದ್ದು ಎರಡು ಸಾಲು ಬರೆದು ಕಳಿಸುವವರದ್ದು. ಮಿಕ್ಕ ನಾಲ್ಕು ಸಾಲನ್ನು ಅವನು ಎಲ್ಲಿಂದಾದರೂ ತರಬೇಕಿತ್ತು. ಮೊದಮೊದಲು ಆಯಾ ಮೇಷ್ಟ್ರ ಬೆನ್ನು ಬಿದ್ದು ಕೇಳುತ್ತಿದ್ದ. ಆಮೇಲೆ ಪಕ್ಕದ ಪುಟದಿಂದ ಎರಡು ಸಾಲು ಎತ್ತಿ ಈ ಪುಟಕ್ಕೆ ಹಾಕುವುದನ್ನು ಕಲಿತ. ಆಮೇಲೆ ಎತ್ತುವುದನ್ನೂ ಬಿಟ್ಟು ತಾನೇ ಬರೆಯತೊಡಗಿದ. 'ವಿಪುಲ', 'ಅಪಾರ', 'ಉಜ್ವಲ', 'ದೇಶ ವಿದೇಶಗಳಲ್ಲಿ' ಎಂಬ ನಾಲ್ಕು ಮಾತುಗಳನ್ನು ಹಿಂದುಮುಂದು ಮಾಡಿದರೆ ಯಾವ ಚೌಕವಾದರೂ ತುಂಬುತ್ತದೆ ಎಂದು ಅವನಿಗೆ ಗೊತ್ತಾಯಿತು. ಯಾರೂ ತಕರಾರು ಮಾಡಲಿಲ್ಲ. ತಮ್ಮ ವಿಷಯಕ್ಕೆ ಅಪಾರ ಭವಿಷ್ಯವಿದೆ ಎಂದರೆ ಬೇಡ ಎನ್ನುವ ಮೇಷ್ಟ್ರು ಇನ್ನೂ ಹುಟ್ಟಿಲ್ಲ.

ಅಂಕಿ ಮಾತ್ರ ಅವನು ಎಂದೂ ಬರೆದವನಲ್ಲ. ಒಂದೇ ಒಂದು ಸಲ ಬಿಟ್ಟರೆ.

ಅದು ನಾಲ್ಕು ವರ್ಷದ ಹಿಂದಿನ ಮಾತು. ಆಗ ಪ್ಯಾಕೇಜಿಂಗ್ ತಂತ್ರಜ್ಞಾನ ಎಂಬ ಕೋರ್ಸು ಶುರುವಾಗಿ ಎರಡು ವರ್ಷವಾಗಿತ್ತು. ಪೆಟ್ಟಿಗೆ, ಡಬ್ಬಿ, ಪ್ಲಾಸ್ಟಿಕ್ ಚೀಲ ಇವುಗಳನ್ನು ತಯಾರಿಸುವ ವಿದ್ಯೆ. ಮೊದಲ ವರ್ಷ ಹನ್ನೊಂದು ಜನ ಸೇರಿದ್ದರು, ಎರಡನೇ ವರ್ಷ ಒಂಬತ್ತು. ಹತ್ತಕ್ಕಿಂತ ಕಡಿಮೆ ಇದ್ದರೆ ಆ ವಿಷಯದ ಮೊದಲ ವರ್ಷದ ತರಗತಿ ನಡೆಸುವ ಹಾಗಿಲ್ಲ ಎಂಬುದು ಕಾಲೇಜಿನ ನಿಯಮ. ಹೊಸ ಕೋರ್ಸು ಎಂದು ಆ ಸಲ ಕಣ್ಣುಮುಚ್ಚಿ ಬಿಟ್ಟಿದ್ದರು. ಪ್ಯಾಕಿಂಗ್ ಮೇಷ್ಟ್ರು ಮುಖ ಸಪ್ಪಗೆ ಮಾಡಿಕೊಂಡು ಎರಡೂವರೆ ಸಾಲು ಬರೆದು ಕೊಟ್ಟು ಹೋಗಿದ್ದರು. ಗುಮಾಸ್ತ ಎಂದಿನಂತೆ ಮಿಕ್ಕಿದ್ದನ್ನು ತುಂಬಿ ಅಚ್ಚುಮನೆಗೆ ಕಳಿಸಿದ. ಕರಡು ತಿರುಗಿ ಬಂತು. ಜೊತೆಗೆ ಅಚ್ಚುಮನೆಯವನ ಫೋನೂ ಬಂತು.

"ಐದನೇ ಸಾಲು ತುಂಬ್ತಾ ಇಲ್ಲ ಸಾರ್. ಮಧ್ಯದಲ್ಲಿ ಹಲ್ಲು ಬಿದ್ದ ಹಾಗೆ ಕಾಣ್ತಿದೆ. ಒಂದೆರಡು ಪದ ಕೊಡಿ."

ಐದನೇ ಸಾಲು ಹೀಗಿತ್ತು: 'ಮುಂದಿನ ಹತ್ತು ವರ್ಷಗಳಲ್ಲಿ ಈ ಕ್ಷೇತ್ರದ ಉದ್ಯೋಗಗಳು ಹೆಚ್ಚಲಿವೆ.' ಗುಮಾಸ್ತ ಕೆಂಪು ಪೆನ್ಸಿಲ್ ತೆಗೆದು 'ಉದ್ಯೋಗಗಳು' ಎಂಬುದರ ಮುಂದೆ ಒಂದು ಗುರುತು ಹಾಕಿ, ಮೇಲೆ 'ಶೇಕಡ ನಲವತ್ತರಷ್ಟು' ಎಂದು ಬರೆದ. ಮೂವತ್ತು ಎಂದರೆ ಜುಗ್ಗತನ ಅನ್ನಿಸಿತು, ಐವತ್ತು ಎಂದರೆ ಸುಳ್ಳು ಅನ್ನಿಸಿತು. ಅದೇ ವಾರ ಅವನಿಗೆ ನಲವತ್ತು ತುಂಬಿದ್ದರಿಂದ ಆ ಅಂಕಿ ನಾಲಿಗೆಯ ತುದಿಯಲ್ಲೇ ಇತ್ತು. ಸಾಲು ತುಂಬಿತು. ಅಚ್ಚುಮನೆಯವನು ಖುಷಿಯಾದ.

ಆ ವರ್ಷ ನಲವತ್ತೆಂಟು ಜನ ಪ್ಯಾಕೇಜಿಂಗ್ ಸೇರಿದರು. ಮರುವರ್ಷದಿಂದ ಅರವತ್ತು ಸೀಟೂ ಭರ್ತಿ. ಪ್ಯಾಕಿಂಗ್ ಮೇಷ್ಟ್ರಿಗೆ ಬೇರೆ ಕೊಠಡಿ, ಬಾಗಿಲಿಗೆ ನಾಮಫಲಕ ಬಂದವು. ಗುಮಾಸ್ತ ಆ ನಲವತ್ತನ್ನು ಮರೆತೇಬಿಟ್ಟ.

ಆ ಮಂಗಳವಾರ ಸಂಜೆ ಅದು ಮನೆಗೇ ಬಂದು ಕೂತಿತ್ತು.

ಮನೆ ಮೂರನೇ ಮಹಡಿಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಊಟಕ್ಕೂ ಇಸ್ತ್ರಿಗೂ ಒಂದೇ ಮೇಜು. ಅವನು ಚಪ್ಪಲಿ ಬಿಡುವಾಗ ಮೇಜಿನ ಸುತ್ತ ಹೆಂಡತಿ, ಮಗಳು, ಹೆಂಡತಿಯ ತಮ್ಮ ಮೂವರೂ ಸೇರಿದ್ದರು. ಹೆಂಡತಿ ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸದವಳು. ಬಾಯಿ ತೆರೆದು ಕೂತವರ ಜೊತೆ ದಿನವಿಡೀ ಮಾತಾಡಿ ಅಭ್ಯಾಸವಾದ್ದರಿಂದ ಮನೆಯಲ್ಲೂ ಎದುರಿನವರು ಉತ್ತರ ಕೊಡುತ್ತಾರೆಂದು ಕಾಯುತ್ತಿರಲಿಲ್ಲ. ಅವಳ ತಮ್ಮ ನೀರು ಶುದ್ಧ ಮಾಡುವ ಯಂತ್ರ ಮಾರುವವನು. ಐದು ಕೆಲಸ ಬಿಟ್ಟು ಆರನೆಯದಕ್ಕೆ ಬಂದಿದ್ದ. ಆ ಅನುಭವದ ಬಲದ ಮೇಲೆ ನೆಂಟರ ಮಕ್ಕಳೆಲ್ಲರಿಗೂ ಯಾವ ಕೆಲಸ ಹಿಡಿಯಬೇಕೆಂದು ಹೇಳುವುದರಲ್ಲಿ ಎತ್ತಿದ ಕೈ.

"ಬನ್ನಿ ಭಾವ, ಬನ್ನಿ. ನಿಮ್ಮ ಮಗಳು ಗೆದ್ದಳು. ಪ್ಯಾಕೇಜಿಂಗ್ ಅಂತ ತೀರ್ಮಾನ ಆಯ್ತು."

ಗುಮಾಸ್ತ ಮಗಳ ಕಡೆ ನೋಡಿದ. ಹದಿನೆಂಟು ತುಂಬಿದ ಹುಡುಗಿ. ಶಾಲೆ ಈಗಷ್ಟೇ ಮುಗಿದಿತ್ತು. ಅವಳದ್ದೊಂದು ವಿಚಿತ್ರ ಚಟವಿತ್ತು. ಹನ್ನೆರಡನೇ ವಯಸ್ಸಿನಿಂದ, ದಿನವೂ ಬೆಳಿಗ್ಗೆ ಏಳೂ ಹದಿನೈದರ ಬಸ್ಸು ಎಷ್ಟು ನಿಮಿಷ ತಡವಾಗಿ ಬಂತು ಎಂದು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಆರು ವರ್ಷ, ಮೂರು ಪುಸ್ತಕ. "ಬರೆದರೆ ಬಸ್ಸು ಬೇಗ ಬರುತ್ತೇನೇ?" ಎಂದು ಅವಳ ಅಮ್ಮ ಕೇಳಿದರೆ, "ಬರಲ್ಲ. ಆದರೆ ಮಂಗಳವಾರ ಮಿಕ್ಕ ದಿನಕ್ಕಿಂತ ನಾಲ್ಕು ನಿಮಿಷ ಜಾಸ್ತಿ ಮಲಗಬಹುದು ಅಂತ ಗೊತ್ತಾಗುತ್ತೆ," ಎನ್ನುವವಳು.

"ನಿನಗೆ ರಟ್ಟಿನ ಪೆಟ್ಟಿಗೆ ಅಂದರೆ ಇಷ್ಟವಾ?" ಎಂದು ಕೇಳಿದ.

"ಇಷ್ಟ ಕಷ್ಟದ ಮಾತಲ್ಲ ಅಪ್ಪ. ಹತ್ತೊಂಬತ್ತು ಪುಟ ಓದಿದೆ. ಹದಿನೆಂಟರಲ್ಲಿ ಬರೀ ಅಪಾರ, ವಿಪುಲ. ಯಾರು ಬರೆದಿದ್ದಾರೋ ಪುಣ್ಯಾತ್ಮರು, ಒಂದೇ ಸಮ ಉಜ್ವಲ ಉಜ್ವಲ ಅಂತ. ಒಂದೇ ಒಂದು ಕಡೆ ಅಂಕಿ ಇದೆ. ಶೇಕಡ ನಲವತ್ತು. ಅಂಕಿ ಹಾಕಬೇಕಾದರೆ ಯಾರೋ ಎಣಿಸಿರಬೇಕು ತಾನೇ?"

ಪುಣ್ಯಾತ್ಮ ಕುರ್ಚಿ ಎಳೆದುಕೊಂಡು ಕೂತ.

"ಆ ನಲವತ್ತು ಸುಳ್ಳು," ಎಂದ.

"ಏನ್ರೀ ಹಾಗಂದರೆ?" ಹೆಂಡತಿ ಸೌಟು ಹಿಡಿದೇ ತಿರುಗಿದಳು.

"ಅದನ್ನ ಬರೆದದ್ದು ನಾನು. ಸಾಲು ತುಂಬಿರಲಿಲ್ಲ, ಅದಕ್ಕೆ ಬರೆದೆ."

ಹೆಂಡತಿಯ ತಮ್ಮ ಜೋರಾಗಿ ನಕ್ಕ. "ಬರೆದದ್ದು ನೀವೇ ಇರಬಹುದು ಭಾವ. ಹೇಳಿದ್ದು ತಜ್ಞರಲ್ವಾ? ಗುಮಾಸ್ತರು ಬರೆಯದೆ ಇನ್ಯಾರು ಬರೀತಾರೆ?"

"ಯಾವ ತಜ್ಞರೂ ಇಲ್ಲ ಮಾರಾಯ. ನಾನೊಬ್ಬನೇ ಇದ್ದೆ, ಕೈಯಲ್ಲಿ ಪೆನ್ಸಿಲ್ ಇತ್ತು."

"ಹಾಗಾದರೆ ಇದೇನು ಅಪ್ಪ?" ಮಗಳು ಮೇಜಿನ ಮೇಲೆ ಎರಡು ಕಾಗದ ಇಟ್ಟಳು. ಒಂದು ಪತ್ರಿಕೆಯ ಉದ್ಯೋಗ ಪುರವಣಿಯ ತುಂಡು. 'ಪರಿಣತರ ಪ್ರಕಾರ ಪ್ಯಾಕೇಜಿಂಗ್ ಕ್ಷೇತ್ರದಲ್ಲಿ ಶೇಕಡ ನಲವತ್ತು ಹೆಚ್ಚಳ' ಎಂದಿತ್ತು. ಇನ್ನೊಂದು ಟ್ಯೂಷನ್ ಕೇಂದ್ರದ ಕರಪತ್ರ. ಅದರಲ್ಲಿ ನಲವತ್ತರ ಪಕ್ಕ ಮೇಲಕ್ಕೇರುವ ಒಂದು ಬಾಣವನ್ನೂ ಹಾಕಿದ್ದರು. ಇವು ಸಾಲದೆಂದು ಅವಳ ಮಾವ ಫೋನ್ ತೆಗೆದು ಯಾರೋ ಕೋಟು ತೊಟ್ಟವನೊಬ್ಬ ಬೆರಳೆತ್ತಿ ಮಾತಾಡುವುದನ್ನು ತೋರಿಸಿದ. ಕೋಟಿನವನೂ "ನಲವತ್ತು" ಎಂದ. ಎರಡು ಸಲ ಎಂದ.

ಗುಮಾಸ್ತ ಕರಪತ್ರವನ್ನು ಹತ್ತಿರ ಹಿಡಿದು ಓದಿದ. 'ಮುಂದಿನ ಹತ್ತು ವರ್ಷಗಳಲ್ಲಿ ಈ ಕ್ಷೇತ್ರದ' ಎಂಬಲ್ಲಿಂದ ಕೊನೆಯವರೆಗೆ ಅವನದೇ ವಾಕ್ಯ. ಪತ್ರಿಕೆಯ ತುಂಡಿನಲ್ಲೂ ಅದೇ. ತನ್ನ ಮಾತು ಇಷ್ಟು ದೂರ ಹೋಗಿ, ಇಷ್ಟು ಜನರ ಬಾಯಲ್ಲಿ ಬೆಳೆದು, ಕೋಟು ತೊಟ್ಟು ಮನೆಗೆ ಬಂದಿರುವುದನ್ನು ಅವನು ಬೆಪ್ಪಾಗಿ ನೋಡಿದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನ ಮಾತಿಗೆ ಇಷ್ಟು ಬೆಲೆ ಸಿಕ್ಕಿದ್ದು ಇದೇ ಮೊದಲು. ಅದು ಸುಳ್ಳು ಎಂಬ ಮಾತಿಗೆ ಮಾತ್ರ ಬೆಲೆ ಇರಲಿಲ್ಲ.

"ಪತ್ರಿಕೆಯವರು, ಟ್ಯೂಷನ್‌ನವರು, ಇವರೆಲ್ಲ ಮೂರ್ಖರು. ನೀವೊಬ್ಬರೇ ಬುದ್ಧಿವಂತರು," ಎಂದಳು ಹೆಂಡತಿ. "ಮಗಳು ಒಂದು ದಾರಿ ಹಿಡಿತಾಳೆ ಅಂದರೆ ಅಡ್ಡಗಾಲು ಹಾಕ್ತೀರಲ್ಲ. ನಿಮ್ಮ ಹಾಗೆ ಕಿಟಕಿ ಹಿಂದೆ ಕೂರಬೇಕಾ ಅವಳೂ?"

"ಭಾವನಿಗೆ ಭಯ ಅಕ್ಕ. ಅಷ್ಟೇ," ಎಂದ ತಮ್ಮ. "ಹೊಸ ಕಾಲದ ವಿಷಯ ಅಂದರೆ ಹಳೇ ಕಾಲದವರಿಗೆ ಹೊಟ್ಟೆಯಲ್ಲಿ ಏನೋ ಆಗುತ್ತೆ."

ಮಗಳು ನಗಲಿಲ್ಲ. "ನೀನೇ ಬರೆದದ್ದು ಅಂತ ಏನು ಸಾಕ್ಷಿ ಅಪ್ಪ?" ಎಂದು ಕೇಳಿದಳು. ಛೇಡಿಸುವ ದನಿಯಲ್ಲ, ಬಸ್ಸು ಯಾಕೆ ತಡವಾಯಿತು ಎಂದು ಕೇಳುವ ದನಿ.

ಅರ್ಜಿ ಕೊಡಲು ಶುಕ್ರವಾರ ಸಂಜೆ ನಾಲ್ಕು ಗಂಟೆ ಕೊನೆ. ಒಮ್ಮೆ ಮುದ್ರೆ ಬಿದ್ದರೆ ಮೂರು ವರ್ಷ ವಿಷಯ ಬದಲಾಯಿಸುವ ಹಾಗಿಲ್ಲ. ಆ ನಿಯಮವನ್ನು ಸ್ಪಷ್ಟ ಅಕ್ಷರದಲ್ಲಿ ಬರೆದು ಕಿಟಕಿಯ ಮೇಲೆ ಅಂಟಿಸಿದವನೂ ಅವನೇ.

ಬುಧವಾರ ಬೆಳಿಗ್ಗೆ ಅವನು ಮೊದಲು ಹೋದದ್ದು ಪ್ಯಾಕಿಂಗ್ ಮೇಷ್ಟ್ರ ಕೊಠಡಿಗೆ. ಮೇಷ್ಟ್ರು ಚಹಾ ಕುಡಿಯುತ್ತಿದ್ದರು. ಹಿಂದಿನ ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಒಂದು ಫಲಕವಿತ್ತು. ಅದರಲ್ಲಿ ದಪ್ಪ ಅಕ್ಷರದಲ್ಲಿ '೪೦%' ಎಂದಿತ್ತು.

"ಮೇಷ್ಟ್ರೇ, ಈ ನಲವತ್ತು ಎಲ್ಲಿಂದ ಬಂತು, ನೆನಪಿದೆಯಾ?"

"ಇಲ್ಲದೆ ಏನು? ಹೋದ ಕಡೆಯೆಲ್ಲ ಭಾಷಣದಲ್ಲಿ ನಾನೇ ಹೇಳ್ತೀನಲ್ಲ. ಯಾವುದೋ ವರದಿ. ದೊಡ್ಡ ವರದಿ."

"ವರದಿ ಅಲ್ಲ. ನಾನು. ನೀವು ಎರಡೂವರೆ ಸಾಲು ಕೊಟ್ಟಿದ್ರಿ."

ಮೇಷ್ಟ್ರು ನಗಲು ಬಾಯಿ ತೆರೆದವರು ಹಾಗೇ ನಿಲ್ಲಿಸಿದರು. ಎದ್ದು ಬಾಗಿಲು ಹಾಕಿ ಬಂದರು.

"ಯಾರಿಗಾದರೂ ಹೇಳಿದ್ರಾ ಇದನ್ನ?"

"ಮನೆಯಲ್ಲಿ ಹೇಳಿದೆ. ಯಾರೂ ನಂಬಲಿಲ್ಲ."

"ಸದ್ಯ!" ಮೇಷ್ಟ್ರು ಉಸಿರು ಬಿಟ್ಟರು. "ನೋಡಿ ಆರು ಸಾಲು, ನೀವು ಬರೆದಾಗ ಅದು ಸುಳ್ಳಾಗಿತ್ತು, ಒಪ್ಪಿದೆ. ಆದರೆ ನಾಲ್ಕು ವರ್ಷದಿಂದ ಇಷ್ಟು ಜನ ಹೇಳ್ತಾ ಇದ್ದಾರೆ. ಈಗಲೂ ಅದು ಸುಳ್ಳೇ ಅಂತ ನೀವು ಹೇಗೆ ಹೇಳ್ತೀರಿ?"

ತಾಂತ್ರಿಕವಾಗಿ ಮೇಷ್ಟ್ರ ಮಾತು ಸರಿ. ನಲವತ್ತು ಸುಳ್ಳು ಎಂಬುದಕ್ಕೂ ಅವನ ಬಳಿ ಯಾವ ವರದಿಯೂ ಇರಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ದಾಖಲೆ ಕೋಣೆಗೆ ಹೋದ. ಮೆಟ್ಟಿಲ ಕೆಳಗಿನ ಕೋಣೆ, ಒಂದೇ ಬಲ್ಬು, ಚಾವಣಿಯವರೆಗೆ ಕಟ್ಟುಗಳು. ಹಳೆಯ ಕರಡುಗಳ ಕಟ್ಟು ಸಿಗಲು ಅರ್ಧ ಗಂಟೆ ಹಿಡಿಯಿತು. ನಾಲ್ಕು ವರ್ಷದ ಹಿಂದಿನ ಕರಡಿನ ಹದಿನೇಳನೇ ಪುಟದಲ್ಲಿ ಕೆಂಪು ಪೆನ್ಸಿಲಿನ ಗುರುತು ನಿನ್ನೆ ಹಾಕಿದ ಹಾಗೆ ಕುಳಿತಿತ್ತು. ಅಂಚಿನಲ್ಲಿ ಅಚ್ಚುಮನೆಯವನ ಕೈಬರಹ: 'ಈಗ ಸಾಲು ಸರಿ ಹೋಯಿತು.'

ಅದನ್ನು ಎಳೆದು ತೆಗೆಯುವಾಗ ಪಕ್ಕದ ಕಪಾಟಿನಿಂದ ಒಂದು ದಪ್ಪ ಪುಸ್ತಕ ಜಾರಿ ಕಾಲಿನ ಮೇಲೆ ಬಿತ್ತು. ಪದವಿ ಪತ್ರ ವಿತರಣೆಯ ಪುಸ್ತಕ. ಓದು ಮುಗಿಸಿ ವರ್ಷದ ಮೇಲೆ ಪದವಿ ಪತ್ರ ಒಯ್ಯಲು ಬಂದವರು ಅದರಲ್ಲಿ ಸಹಿ ಹಾಕುತ್ತಾರೆ. ಸಹಿಯ ಪಕ್ಕದಲ್ಲಿ 'ಈಗಿನ ಉದ್ಯೋಗ' ಎಂದು ಒಂದು ಕಾಲಂ ಇದೆ. ಯಾಕೆ ಇದೆ ಎಂದು ಯಾರಿಗೂ ಗೊತ್ತಿಲ್ಲ. ಸಾವಿರಾರು ಜನರಿಗೆ ಆ ಪುಸ್ತಕವನ್ನು ತಾನೇ ಮುಂದೆ ಚಾಚಿ "ಇಲ್ಲಿ ತುಂಬಿ" ಎಂದಿದ್ದ ಗುಮಾಸ್ತ, ತುಂಬಿದ್ದನ್ನು ಒಂದು ದಿನವೂ ಓದಿರಲಿಲ್ಲ.

ನೋವಾದ ಕಾಲನ್ನು ಉಜ್ಜಿಕೊಳ್ಳುತ್ತ ಅಲ್ಲೇ ಒಂದು ಕಟ್ಟಿನ ಮೇಲೆ ಕೂತು ಓದತೊಡಗಿದ.

ಭೌತಶಾಸ್ತ್ರ: ಬೇಕರಿ. ಭೌತಶಾಸ್ತ್ರ: ಬೇಕರಿ (ಮೇಲಿನವರದ್ದೇ). ಸಸ್ಯಶಾಸ್ತ್ರ: ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ. ಇತಿಹಾಸ: ಅಗ್ನಿಶಾಮಕ ದಳ. ವಾಣಿಜ್ಯ: ಮದುವೆ ಫೋಟೋ. ತತ್ವಶಾಸ್ತ್ರ: ಟೈರ್ ಅಂಗಡಿ, ಸ್ವಂತ. ಪ್ಯಾಕೇಜಿಂಗ್ ಓದಿ ಮುಗಿಸಿ ವರ್ಷವಾದವರು ಇಲ್ಲಿಯವರೆಗೆ ಅರವತ್ತೆಂಟು. ಅವರಲ್ಲಿ ಮೂವತ್ತೇಳು ಜನ ಪತ್ರ ಒಯ್ದಿದ್ದರು. ಒಬ್ಬ ಡ್ರೈವಿಂಗ್ ಕಲಿಸುತ್ತಿದ್ದ. ಆರು ಜನ ಫೋನ್ ಅಂಗಡಿಗಳಲ್ಲಿದ್ದರು. ಹನ್ನೊಂದು ಜನ 'ನೋಡುತ್ತಿದ್ದೇನೆ' ಎಂದು ಬರೆದಿದ್ದರು. ಏನು ನೋಡುತ್ತಿದ್ದಾರೆ ಎಂದು ಬರೆದಿರಲಿಲ್ಲ. ಹದಿನೈದು ಜನರದ್ದು ಬೇರೆ ಬೇರೆ ಕೆಲಸ. ಪ್ಯಾಕೇಜಿಂಗ್ ಎಂಬ ಪದ ಇದ್ದದ್ದು ನಾಲ್ಕು ಕಡೆ. ಇಬ್ಬರು ಕಾರ್ಖಾನೆಯಲ್ಲಿ. ಒಬ್ಬಳು ಗೋದಾಮಿನಲ್ಲಿ ಪೆಟ್ಟಿಗೆಗೆ ಟೇಪು ಅಂಟಿಸುವವಳು. ನಾಲ್ಕನೆಯವನು ಇನ್ನೊಂದು ಕಾಲೇಜಿನಲ್ಲಿ ಪ್ಯಾಕೇಜಿಂಗ್ ಕಲಿಸುತ್ತಿದ್ದ. ಅಲ್ಲಿಯ ಪುಸ್ತಿಕೆಯಲ್ಲೂ ನಲವತ್ತು ಇರಬಹುದೇ ಎಂದು ಗುಮಾಸ್ತನಿಗೆ ಅನ್ನಿಸಿತು. ಇರದೆ ಎಲ್ಲಿ ಹೋಗುತ್ತದೆ?

ಬುಧವಾರ, ಗುರುವಾರ ಎರಡೂ ಮಧ್ಯಾಹ್ನ ಅಲ್ಲೇ ಕೂತು, ಹತ್ತು ವರ್ಷದ ಪುಟಗಳಿಂದ ವಿಷಯವಾರು ಪಟ್ಟಿ ಮಾಡಿದ. ಊಟದ ಡಬ್ಬಿ ತೆರೆಯಲಿಲ್ಲ.

ಗುರುವಾರ ಸಂಜೆ ಮೇಜಿನ ಮೇಲೆ ಒಂದು ಕಡೆ ಹಳೆಯ ಕರಡು, ಇನ್ನೊಂದು ಕಡೆ ಪಟ್ಟಿ ಇಟ್ಟ. ಹೆಂಡತಿ ಕರಡನ್ನು ಬೆಳಕಿಗೆ ಹಿಡಿದು ನೋಡಿದಳು. ಅಂಗಡಿ ಚೀಟಿಗಳ ಮೇಲೆ ಇಪ್ಪತ್ತು ವರ್ಷದಿಂದ ಕಂಡ ಕೈಬರಹ. ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಅವಳು ಏನೂ ಹೇಳದೆ ಕರಡನ್ನು ಮಗಳ ಮುಂದೆ ಸರಿಸಿದಳು. ಅವಳು ಏನೂ ಹೇಳದೆ ಇದ್ದದ್ದು ಆ ಮನೆಯಲ್ಲಿ ದೊಡ್ಡ ಘಟನೆ.

ಮಗಳು ಕೆಂಪು ಅಕ್ಷರದ ಮೇಲೆ ಬೆರಳಿಟ್ಟಳು.

"ಮಿಕ್ಕ ಹದಿನೆಂಟು?"

"ಅವೂ ನಾನೇ."

"ಎಲ್ಲಾನೂ?"

"ಎಲ್ಲಾನೂ."

"ಈ ನಲವತ್ತು ನೋಡಿ ಎಷ್ಟು ಜನ ಸೇರಿದರು ಅಪ್ಪ?"

"ನಾಲ್ಕು ವರ್ಷಕ್ಕೆ ಇನ್ನೂರ ಇಪ್ಪತ್ತೆಂಟು." ಆ ಅಂಕಿ ಮಾತ್ರ ಅವನಿಗೆ ಸರಿಯಾಗಿ ಗೊತ್ತಿತ್ತು. ಅಷ್ಟೂ ಅರ್ಜಿಗಳಿಗೆ ಮುದ್ರೆ ಒತ್ತಿದ ಕೈ ಅವನದೇ.

"ಅವರಲ್ಲಿ ಒಬ್ಬರಿಗಾದರೂ ಹೇಳಿದೆಯಾ, ಇದು ಸುಳ್ಳು ಅಂತ?"

"ಇಲ್ಲ."

"ನನಗೆ ಮಾತ್ರ ಹೇಳಿದೆ."

ಅವನು ಮೇಜಿನ ಮೇಲಿನ ಇಸ್ತ್ರಿಯ ಸುಟ್ಟ ಕಲೆಯನ್ನು ಬೆರಳಿನಿಂದ ಉಜ್ಜಿದ. ಅದು ಹೋಗುವ ಕಲೆಯಲ್ಲ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಹೆಂಡತಿ ಎದ್ದು ಅಡುಗೆಮನೆಗೆ ಹೋದಳು.

ಮಗಳು ಪಟ್ಟಿಯನ್ನು ಹತ್ತಿರ ಎಳೆದುಕೊಂಡಳು. ಸಿಟ್ಟಿನಿಂದಲೇ ಓದಲು ಶುರು ಮಾಡಿದಳು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಪೆನ್ಸಿಲ್ ಹುಡುಕಿದಳು. ಮೂರನೇ ಪುಟದಲ್ಲಿ ಹಣೆ ಗಂಟಿಕ್ಕಿತು.

"ಇದೂ ಸರಿಯಿಲ್ಲ ಅಪ್ಪ."

"ಇದು ನಿಜ ಕಣೇ! ಅವರವರೇ ಬರೆದದ್ದು. ನಾನು ಒಂದು ಅಕ್ಷರ ಸೇರಿಸಿಲ್ಲ."

"ಬರೆದದ್ದು ನಿಜ. ಆದರೆ ಪತ್ರ ತಗೊಳ್ಳೋಕೆ ಬಂದವರು ಮಾತ್ರ ಇದರಲ್ಲಿದ್ದಾರೆ. ಅರವತ್ತೆಂಟರಲ್ಲಿ ಮೂವತ್ತೇಳು. ಮಿಕ್ಕ ಮೂವತ್ತೊಂದು ಜನ ಎಲ್ಲಿ? ಒಳ್ಳೆ ಕೆಲಸ ಸಿಕ್ಕಿ ಬರೋಕೆ ಪುರುಸೊತ್ತಿಲ್ಲವೋ? ಕೆಲಸವೇ ಇಲ್ಲ, ಪತ್ರ ಇಟ್ಟುಕೊಂಡು ಏನು ಮಾಡೋದು ಅಂತ ಬಂದಿಲ್ಲವೋ? ಅದು ಗೊತ್ತಾಗದೆ ಈ ಪಟ್ಟಿ ಇಟ್ಟುಕೊಂಡು ಏನೂ ಹೇಳೋಕಾಗಲ್ಲ. ಆಮೇಲೆ ಈ ಬೇಕರಿಯವನು ಎರಡು ಸಲ ಇದ್ದಾನೆ."

"ಎರಡು ಸಲ ಅಲ್ಲ. ಅಣ್ಣ ತಮ್ಮ ಅವರು."

"ಹೋ." ಅವಳು ಹಾಕಿದ್ದ ಗೆರೆಯನ್ನು ಅಳಿಸಿದಳು. "ಬರದೇ ಇದ್ದವರ ಫೋನ್ ನಂಬರ್ ಇರುತ್ತಾ?"

"ಅರ್ಜಿಯಲ್ಲಿ ಇರುತ್ತೆ."

"ಮೂವತ್ತೊಂದು ಫೋನು. ಒಂದಕ್ಕೆ ಐದು ನಿಮಿಷ ಅಂದರೂ ಒಂದು ಮಧ್ಯಾಹ್ನದ ಕೆಲಸ. ನಾಲ್ಕು ವರ್ಷದಲ್ಲಿ ಯಾರೂ ಮಾಡಲಿಲ್ಲವಾ?" ಅವಳ ದನಿಯಲ್ಲಿ ಈಗ ಸಿಟ್ಟಿರಲಿಲ್ಲ, ಪಕ್ಕಾ ಆಶ್ಚರ್ಯವಿತ್ತು. ಪಟ್ಟಿಯ ಕೊನೆಯ ಪುಟಕ್ಕೆ ಬಂದಾಗ ಒಮ್ಮೆಗೇ ನಕ್ಕಳು. "ಅಯ್ಯೋ, ಇಲ್ಲಿ ನೋಡು. ಸಂಖ್ಯಾಶಾಸ್ತ್ರ: ಬಸ್ ಕಂಪನಿ, ವೇಳಾಪಟ್ಟಿ ವಿಭಾಗ. ಆರು ವರ್ಷದಿಂದ ನನ್ನ ನಿದ್ದೆ ಹಾಳು ಮಾಡಿದವನು ಇವನೇ."

ಸಂಖ್ಯಾಶಾಸ್ತ್ರದ ಪುಟ ಗುಮಾಸ್ತನಿಗೆ ಚೆನ್ನಾಗಿ ನೆನಪಿತ್ತು. ಅದರ ಮೇಡಂ ಪ್ರತಿ ವರ್ಷ ಕಳಿಸುತ್ತಿದ್ದದ್ದು ಒಂದೇ ವಾಕ್ಯ: 'ಏನಾಗಬಹುದು ಎಂದು ಹೇಳಲು ನಮ್ಮ ಬಳಿ ಸಾಕಷ್ಟು ಮಾಹಿತಿ ಇಲ್ಲ.' ಪ್ರತಿ ವರ್ಷ ಅವನು ಅದನ್ನು ಹೊಡೆದು ಹಾಕಿ 'ದೇಶ ವಿದೇಶಗಳಲ್ಲಿ ಅಪಾರ' ಎಂದು ಶುರು ಮಾಡುತ್ತಿದ್ದ. ಇಡೀ ಕಾಲೇಜಿನಲ್ಲಿ ನಿಜ ಬರೆದು ಕಳಿಸಿದವಳು ಆಕೆ ಒಬ್ಬಳೇ. ಅವನು ಅದನ್ನು ಮಗಳಿಗೆ ಹೇಳಿದ. ಅವಳು ಆ ವಾಕ್ಯವನ್ನು ಇನ್ನೊಮ್ಮೆ ಹೇಳಿಸಿಕೊಂಡಳು.

ಶುಕ್ರವಾರ ಕಿಟಕಿಯ ಮುಂದಿನ ಸಾಲು ಗೇಟಿನವರೆಗೆ ಬೆಳೆದಿತ್ತು. ಮೂರೂ ಇಪ್ಪತ್ತಕ್ಕೆ ಮಂಗಳವಾರದ ಹೆಂಗಸು ಮಗನೊಂದಿಗೆ ಬಂದಳು. ಈ ಸಲ ಅರ್ಜಿಯನ್ನು ಪೂರ್ತಿ ಒಳಗೆ ತೂರಿಸಿದಳು. ಪ್ಯಾಕೇಜಿಂಗ್.

ಗುಮಾಸ್ತ ಮುದ್ರೆ ಎತ್ತಿದವನು ಕೆಳಗಿಟ್ಟ. ಸರಳಿನ ಹತ್ತಿರ ಬಗ್ಗಿ ದನಿ ತಗ್ಗಿಸಿ ಹೇಳಿದ: "ಅಮ್ಮ, ಆ ಚೌಕದಲ್ಲಿ ನಲವತ್ತು ಅಂತ ಇದೆಯಲ್ಲ, ಅದನ್ನ ನಂಬಬೇಡಿ. ಅದು ನಾನು ಸುಮ್ಮನೆ ಬರೆದದ್ದು. ಹುಡುಗನಿಗೆ ಯಾವುದು ಇಷ್ಟ ಅಂತ ಒಂದು ಮಾತು ಕೇಳಿ."

ಹೆಂಗಸು ಅವನನ್ನು ಮೇಲಿಂದ ಕೆಳಗೆ ಅಳೆದಳು. "ಎಷ್ಟು ಸೀಟು ಉಳಿದಿದೆ?"

"ಒಂದು."

"ಹಾಗೆ ಹೇಳಿ ಮತ್ತೆ!" ಅವಳ ದನಿ ಗೇಟಿನವರೆಗೂ ಕೇಳಿಸಿತು. "ಕೊನೇ ಸೀಟು, ನಿಮ್ಮವರಿಗೆ ಯಾರಿಗೋ ಎತ್ತಿಟ್ಟಿದ್ದೀರಿ. ನಿಮ್ಮ ಮಗಳೂ ಈ ವರ್ಷ ಸೇರ್ತಾ ಇದ್ದಾಳಂತೆ, ನನಗೂ ಗೊತ್ತಾಗಿದೆ. ಸಾರ್, ನನ್ನ ಕಣ್ಣಿಗೆ ಮಣ್ಣೆರಚಬೇಡಿ. ಒತ್ತಿ ಮುದ್ರೆ!"

ಸಾಲಿನಲ್ಲಿದ್ದವರೆಲ್ಲ "ಏನಂತೆ, ಏನಂತೆ" ಎಂದು ಮುಂದೆ ನುಗ್ಗಿದರು. ಗುಮಾಸ್ತ ಹುಡುಗನ ಕಡೆ ನೋಡಿದ. "ನಿನಗೆ ಏನು ಓದಬೇಕಪ್ಪ?" ಎಂದು ಕೇಳಿದ. ಹುಡುಗ ಮೊದಲ ಬಾರಿಗೆ ಫ್ಯಾನ್‌ನಿಂದ ಕಣ್ಣು ಇಳಿಸಿ, "ಯಾವುದಾದರೂ ಪರವಾಗಿಲ್ಲ ಅಂಕಲ್, ಬೇಗ ಒತ್ತಿ," ಎಂದ. ಮುದ್ರೆ ಬಿತ್ತು. ಪ್ಯಾಕೇಜಿಂಗ್ ಅರವತ್ತಕ್ಕೆ ಅರವತ್ತು. ಹೆಂಗಸು ಗೆದ್ದವಳ ಹಾಗೆ ರಸೀದಿ ಬೀಸುತ್ತ ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಆ ಕಿಟಕಿಯಿಂದ ಹೊರಬಿದ್ದ ಮೊದಲ ನಿಜಕ್ಕೆ ಸಿಕ್ಕ ಮರ್ಯಾದೆ ಅಷ್ಟು.

ಮೂರೂ ಐವತ್ತಕ್ಕೆ ಮಗಳ ಸರದಿ ಬಂತು. ಅಪ್ಪನ ಮಗಳೆಂದು ಪಕ್ಕದ ಬಾಗಿಲಿನಿಂದ ಬರದೆ, ಒಂದೂ ಕಾಲು ಗಂಟೆ ಸಾಲಿನಲ್ಲೇ ನಿಂತಿದ್ದಳು. ಮುಂದಿನವರಿಗೆ ತಲಾ ಎಷ್ಟು ನಿಮಿಷ ಹಿಡಿಯಿತು ಎಂದು ಅಂಗೈಯಲ್ಲಿ ಬರೆದುಕೊಂಡಿದ್ದಳು.

"ಒಬ್ಬರಿಗೆ ಸರಾಸರಿ ಮೂರೂವರೆ ನಿಮಿಷ ಅಪ್ಪ. ಆ ಹೆಂಗಸನ್ನು ಬಿಟ್ಟರೆ ಎರಡೂ ಮುಕ್ಕಾಲು."

ಅರ್ಜಿಯಲ್ಲಿ 'ಸಂಖ್ಯಾಶಾಸ್ತ್ರ' ಎಂದಿತ್ತು. ಗುಮಾಸ್ತ ಅದನ್ನು ಎರಡು ಸಲ ಓದಿದ.

"ಮಾವ ಕೇಳಿದರೆ ಏನು ಹೇಳ್ತೀಯಾ? ಇದಕ್ಕೆ ಸ್ಕೋಪ್ ಎಷ್ಟು ಅಂತ?"

"ಸಾಕಷ್ಟು ಮಾಹಿತಿ ಇಲ್ಲ ಅಂತ ಹೇಳ್ತೀನಿ. ಒತ್ತು ಅಪ್ಪ, ಹಿಂದೆ ಜನ ಕಾಯ್ತಿದ್ದಾರೆ."

ಅವನು ಮುದ್ರೆ ಒತ್ತಿದ. ಸಾಮಾನ್ಯವಾಗಿ ಒಮ್ಮೆ ಒತ್ತುವವನು, ಶಾಯಿ ಸರಿಯಾಗಿ ಹತ್ತಿಲ್ಲ ಎಂಬಂತೆ ಎರಡನೇ ಸಲವೂ ಒತ್ತಿದ.

ಆ ಸಂಜೆ ಹೆಂಡತಿಯ ತಮ್ಮ ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತು ಕೂತ. ಹುಡುಗಿ ಕೈತಪ್ಪಿ ಹೋದಳು ಎಂದ. ಮರುವಾರ ಅವನು ನೀರಿನ ಯಂತ್ರದ ಕೆಲಸವನ್ನೂ ಬಿಟ್ಟು ಏಳನೆಯದಕ್ಕೆ ಸೇರಿದ.

ಪ್ರವೇಶ ಮುಗಿದ ಸೋಮವಾರದಿಂದಲೇ ಮುಂದಿನ ವರ್ಷದ ಪುಸ್ತಿಕೆಯ ಕೆಲಸ ಶುರುವಾಗುತ್ತದೆ. ಗುಮಾಸ್ತ ಹದಿನೇಳನೇ ಪುಟದ ಐದನೇ ಸಾಲನ್ನು ಹೊಡೆದು ಹಾಕಿ ಉಪಪ್ರಾಂಶುಪಾಲರ ಮೇಜಿಗೆ ಕಳಿಸಿದ. ಅವರು ಕರೆಸಿದರು.

"ಏನ್ರೀ ಇದು? ನಲವತ್ತು ಎಲ್ಲಿ ಹೋಯ್ತು? ಪತ್ರಿಕೆಯಲ್ಲೆಲ್ಲ ಬಂದಿದೆ. ನಾಲ್ಕು ವರ್ಷ ಆಯ್ತು, ಈಗ ನಲವತ್ತೈದು ಅಂತ ಹಾಕಿ."

"ಹಾಕ್ತೀನಿ ಸಾರ್. ಅಂಕಿಯ ಪಕ್ಕದಲ್ಲಿ ನಿಮ್ಮದೊಂದು ಸಹಿ ಇರಲಿ," ಎಂದು ಗುಮಾಸ್ತ ಕೆಂಪು ಪೆನ್ಸಿಲ್ ಮುಂದೆ ಚಾಚಿದ.

ಉಪಪ್ರಾಂಶುಪಾಲರು ಪೆನ್ಸಿಲನ್ನು ನೋಡಿದರು, ಅವನನ್ನು ನೋಡಿದರು, ಗಡಿಯಾರ ನೋಡಿದರು. "ಇರಲಿ ಬಿಡಿ, ಆಮೇಲೆ ನೋಡೋಣ," ಎಂದರು. ಅಚ್ಚುಮನೆಯವನು ಖಾಲಿ ಉಳಿದ ಜಾಗಕ್ಕೆ ರಟ್ಟಿನ ಪೆಟ್ಟಿಗೆಯ ಚಿತ್ರವೊಂದನ್ನು ಹಾಕಿದ. ಅದು ಸರಿಯಾಗಿ ಒಂದು ಸಾಲಿನಷ್ಟು ಎತ್ತರವಿತ್ತು.

ಸಂಖ್ಯಾಶಾಸ್ತ್ರಕ್ಕೆ ಈ ವರ್ಷ ಗುರುವಾರದವರೆಗೆ ಒಂಬತ್ತು ಅರ್ಜಿ ಬಂದಿದ್ದವು. 'ಆರು ಸಾಲಿ'ನ ಮಗಳು ಹತ್ತನೆಯವಳು; ತರಗತಿ ನಡೆಸಲು ಅಷ್ಟು ಸಾಕು. ಮೊದಲ ತರಗತಿ ಮುಂದಿನ ತಿಂಗಳು ಒಂದನೇ ತಾರೀಖು ಬೆಳಿಗ್ಗೆ ಎಂಟು ಗಂಟೆಗೆ. ಅವಳು ಏಳೂ ಹದಿನೈದರ ಬಸ್ಸಿಗೆ ಹೋಗುತ್ತಾಳೆ.